ಕಾಳ್ಗಿಚ್ಚಿನ ಕಾದಂಬರಿ: ಹುಡುಗಿ ಕುದುರೆ ಹತ್ತಿ ಬೆಂಕಿ ದಾಟಬಹುದಾ?

ಕರಡುಪ್ರತಿ
ಎಲ್ಲರಿಗೂ ನಮಸ್ಕಾರ. ಹದಿಹರೆಯದವರಿಗೆ ಅಂತ ಒಂದು ಕಾದಂಬರಿ ಬರೀತಿದೀನಿ. ಗುಡ್ಡದ ಬುಡದಲ್ಲಿ ಒಂದು ಜಮೀನು, ಒಂದಷ್ಟು ದನ, ವಯಸ್ಸಾದ ಹೆಣ್ಣುಕುದುರೆ, ಒಣಹುಲ್ಲು ತುಂಬಿದ ಕೊಟ್ಟಿಗೆ. ಹದಿನೈದರ ಹುಡುಗಿ, ಒಂಬತ್ತರ ತಮ್ಮ. ಮಳೆ ಕೈಕೊಟ್ಟ ವರ್ಷ. ಗುಡ್ಡದ ಆಚೆ ಬೆಂಕಿ ಬೀಳುತ್ತೆ, ಅಪ್ಪ ಅಮ್ಮ ಮನೇಲಿಲ್ಲ. ಕೊನೆಗೆ ಹುಡುಗಿ ತಮ್ಮನನ್ನ ಕುದುರೆ ಮೇಲೆ ಕೂರಿಸಿಕೊಂಡು, ಉರಿಯೋ ಗುಡ್ಡ ಹತ್ತಿ ಆಚೆ ಇಳೀತಾಳೆ.

ಕರಡು ಓದಿದ ಗೆಳತಿ "ಇದು ಸಿನಿಮಾ ಕಣೇ" ಅಂದು ವಾಪಸ್ ಕೊಟ್ಟಳು. ಆ ದೃಶ್ಯ ನಂಬೋ ಹಾಗಿಲ್ಲವಾ? ಅಪ್ಪ ಅಮ್ಮನನ್ನ ಕತೆಯಿಂದ ಆಚೆ ಇಡೋಕೆ "ಮದುವೆಗೆ ಹೋಗಿದ್ದರು" ಅಂತ ಬರೆದಿದೀನಿ, ಅದು ನನಗೇ ಸಪ್ಪೆ ಅನ್ನಿಸ್ತಿದೆ. ಇನ್ನೊಂದು, ಪ್ರಾಣಿಗಳು ಸಾಯಬೇಕಾ? ಹನ್ನೆರಡು ಹದಿಮೂರರ ಮಕ್ಕಳೂ ಓದ್ತಾರೆ.

ಸುಮ್ನೆಓದುಗ
ಕುದುರೆಗೆ ವಯಸ್ಸಾಗಿದೆ ಅಂತ ನೀವೇ ಹೇಳ್ತೀರ. ಮೇಲೆ ಇಬ್ಬರು. ಬೆಂಕಿ ಬರೋಕೆ ಮುಂಚೆನೇ ಅದರ ಕತೆ ಮುಗೀತು.

ನೀರಿನಲಾರಿ
ಸ್ವಯಂಸೇವಕನಾಗಿ ಬೆಂಕಿ ಆರಿಸೋಕೆ ಹೋಗೋನು ನಾನು, ಆ ಲೆಕ್ಕದಲ್ಲಿ ಹೇಳ್ತೀನಿ. ಗುಡ್ಡ ಹತ್ತಿಸೋದನ್ನ ಮೊದಲು ತೆಗೀರಿ ಮೇಡಂ. ಬೆಂಕಿ ಏರಿನಲ್ಲಿ ಓಡುತ್ತೆ. ಏರು ಹತ್ತು ಡಿಗ್ರಿ ಹೆಚ್ಚಾದ ಹಾಗೆಲ್ಲ ಅದರ ವೇಗ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ ಅನ್ನೋದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಬಾಯಿಗೆ ಬರೋ ಲೆಕ್ಕ. ಜ್ವಾಲೆ ಮೇಲಿನ ಹುಲ್ಲಿನ ಕಡೆಗೇ ವಾಲಿರುತ್ತೆ, ಹಾಗಾಗಿ ಆ ಹುಲ್ಲು ಹೊತ್ತಿಕೊಳ್ಳೋಕೆ ಮುಂಚೆಯೇ ಕಾದು, ಒಣಗಿ, ಸಿದ್ಧವಾಗಿ ನಿಂತಿರುತ್ತೆ. ಏರು ಬಂದರೆ ಕುದುರೆ ನಿಧಾನ, ಮನುಷ್ಯ ನಿಧಾನ, ಬೆಂಕಿ ಮಾತ್ರ ಜೋರು.

1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾದಲ್ಲಿ, ಮ್ಯಾನ್ ಗಲ್ಚ್ ಅನ್ನೋ ಕಣಿವೆಯಲ್ಲಿ ಇದೇ ಆಯ್ತು. ಬೆಂಕಿ ಆರಿಸೋಕೆ ಅಂತಲೇ ವಿಮಾನದಿಂದ ಧುಮುಕಿದ, ತರಬೇತಾದ, ಗಟ್ಟಿಮುಟ್ಟಾದ ಹುಡುಗರು. ಬೆಂಕಿ ಕೆಳಗಿನಿಂದ ತಿರುಗಿ ಬಂತು, ಇವರು ಹುಲ್ಲಿನ ಏರಲ್ಲಿ ಮೇಲಕ್ಕೆ ಓಡಿದರು. 13 ಜನ ಸತ್ತರು. ಮುಂದಾಳು ವ್ಯಾಗ್ ಡಾಡ್ಜ್ ಓಡೋದು ನಿಲ್ಲಿಸಿ, ಕಡ್ಡಿ ಗೀರಿ ತನ್ನ ಮುಂದಿನ ಹುಲ್ಲಿಗೇ ಬೆಂಕಿ ಹಚ್ಚಿದ. ಅದು ಸುಟ್ಟು ಕರಕಾದ ಜಾಗದಲ್ಲಿ ಹೋಗಿ ಬೋರಲು ಮಲಗಿದ. ಸುಡೋಕೆ ಅಲ್ಲಿ ಏನೂ ಉಳಿದಿರಲಿಲ್ಲ, ದೊಡ್ಡ ಬೆಂಕಿ ಪಕ್ಕದಲ್ಲೇ ಹಾದುಹೋಯ್ತು. ಉಳಿದವರನ್ನೂ ಕರೆದ, ಯಾರೂ ಬರಲಿಲ್ಲ. ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಇನ್ನೊಂದು, ಜ್ವಾಲೆ ಮುಟ್ಟಬೇಕಾಗಿಲ್ಲ. ಅದರಿಂದ ಹೊಮ್ಮೋ ಶಾಖವೇ ದೂರದಿಂದ ಆಳನ್ನ ಬೀಳಿಸುತ್ತೆ. ಬೆಂಕಿಯ ಗೋಡೆ ಸೀಳಿಕೊಂಡು ಆಚೆ ಹೋಗೋದೆಲ್ಲ ಪರದೆ ಮೇಲೆ.

ವಕ್ರದೃಷ್ಟಿ
ಸರಿ, ಹುಡುಗಿನೂ ಕಡ್ಡಿ ಗೀರಲಿ. ಕ್ಲೈಮ್ಯಾಕ್ಸ್ ಸಿಕ್ತು, ಎಲ್ಲರೂ ಮನೆಗೆ ಹೋಗಿ.

ನೀರಿನಲಾರಿ
ದಯವಿಟ್ಟು ಬೇಡ. ಅದು ಕೆಲಸ ಮಾಡಿದ್ದು ತೆಳು ಹುಲ್ಲಿನಲ್ಲಿ. ಪೊದೆ, ಮರ ಇರೋ ಕಡೆ ಹಚ್ಚಿದರೆ ತಾನೇ ಹಚ್ಚಿದ ಬೆಂಕಿಯಲ್ಲಿ ತಾನೇ ಬೇಯಬೇಕಾಗುತ್ತೆ. ಓದಿದ ಹುಡುಗನೊಬ್ಬ ಹಿತ್ತಲಲ್ಲಿ ಪ್ರಯೋಗ ಮಾಡಿದರೆ?

ಪುಸ್ತಕದಕೋಣೆ
ಶಾಲೆಯಲ್ಲಿ ಗ್ರಂಥಪಾಲಕಿ ನಾನು. ನೀರಿನಲಾರಿ ಅವರ ಮಾತಿಗೆ ನನ್ನ ಮತ. ಈ ವಯಸ್ಸಿನವರು ಕಾದಂಬರಿ ಓದುವಾಗ "ಇದು ನಡೆಯುತ್ತಾ" ಅಂತ ಬಂದು ಕೇಳ್ತಾರೆ. ಅಪಾಯದ ವಿಷಯದಲ್ಲಿ ತಪ್ಪು ಮಾಹಿತಿ ಹೋಗಬಾರದು.

ಹಿಂದಿನಬೆಂಚು
ನನಗೆ ಹದಿನೇಳು. ನಾವು ಅಷ್ಟು ದಡ್ಡರಲ್ಲ ಮೇಡಂ. ಪುಸ್ತಕದಲ್ಲಿ ಮಾಟಗಾತಿ ಹಾರಿದ್ಲು ಅಂತ ಮಹಡಿಯಿಂದ ಯಾರೂ ಹಾರಲ್ಲ.

ಆದ್ರೆ ಕುದುರೆ ಸೀನ್ ನನಗೂ ಬೇಡ. ಸುಳ್ಳು ಅಂತ ಅಲ್ಲ. ಅಲ್ಲಿ ಅವಳು ಏನೂ ಯೋಚನೆ ಮಾಡ್ತಿಲ್ಲ, ಸುಮ್ನೆ ಧೈರ್ಯ ತೋರಿಸ್ತಿದಾಳೆ, ಅದಕ್ಕೆ. ನಮ್ಮ ವಯಸ್ಸಿನವರ ಪುಸ್ತಕದಲ್ಲಿ ಎಲ್ಲರಿಗೂ ವಿಪರೀತ ಧೈರ್ಯ. ನನಗಂತೂ ಏನು ಮಾಡಬೇಕು ಅಂತ ಗೊತ್ತಾಗದೆ ಒದ್ದಾಡೋ ಹುಡುಗಿ ಬೇಕು.

ಅಲ್ಪವಿರಾಮ
ಹಿಂದಿನಬೆಂಚು ಮುಂದಿನ ಬೆಂಚಿಗೆ ಬರಬೇಕು. ಈ ಎಳೆಯಲ್ಲಿ ಇಲ್ಲಿವರೆಗೆ ಬಂದ ಒಳ್ಳೆ ಮಾತು ಅದು.

ನಾನು ಹಸ್ತಪ್ರತಿ ತಿದ್ದೋ ಕೆಲಸ ಮಾಡ್ತೀನಿ. ಕಾಳ್ಗಿಚ್ಚು ಅಂದ ಕೂಡಲೇ ಬರೆಯೋರು ಜ್ವಾಲೆಗೆ ಪುಟಗಟ್ಟಲೆ ಕೊಡ್ತಾರೆ, ಕೆಂಪು, ಕೇಸರಿ, ನಾಲಿಗೆ ಚಾಚಿತು ಇತ್ಯಾದಿ. ಓದುಗ ಎರಡನೇ ಪ್ಯಾರಾಕ್ಕೆ ಪುಟ ಹಾರಿಸ್ತಾನೆ. ಕತೆ ಇರೋದು ಬೆಂಕಿ ಬರೋಕೆ ಮುಂಚಿನ ಗಂಟೆಗಳಲ್ಲಿ. ಈಗ ಹೊರಡಬೇಕಾ, ಇನ್ನೊಂದಿಷ್ಟು ಹೊತ್ತು ನೋಡೋಣವಾ? ದನ ಬಿಚ್ಚಬೇಕಾ? ಬಿಚ್ಚಿದರೆ ಯಾವ ಕಡೆ? ತಮ್ಮ ಅಳ್ತಾನೆ, ನಾಯಿ ಕಾಣಿಸ್ತಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಒಂದೊಂದು ತೀರ್ಮಾನಕ್ಕೂ ಬೆಲೆ ತೆರಬೇಕು. ಕರಡುಪ್ರತಿ ಅವರೇ, ನಿಮ್ಮ ಕರಡಿನಲ್ಲಿ ಹೊಗೆ ಮೊದಲು ಕಾಣಿಸಿದ್ದಕ್ಕೂ ಕುದುರೆ ಹತ್ತಿದ್ದಕ್ಕೂ ನಡುವೆ ಎಷ್ಟು ಪುಟ ಇದೆ?

ಕರಡುಪ್ರತಿ
ನಾಲ್ಕು.

ಅಲ್ಪವಿರಾಮ
ನಲವತ್ತು ಮಾಡಿ.

ಕೊಟ್ಟಿಗೆಕಾವಲು
ದನ ಸಾಕೋನು ನಾನು. ದನದ ವಿಷಯಕ್ಕೆ ಬರೋಣ, ಯಾಕಂದ್ರೆ ಇದರಲ್ಲಿ ಪುಸ್ತಕದವರು ಯಾವಾಗಲೂ ಎಡವೋದು. ಬೆಂಕಿ ಬಂತು ಅಂತ ದನವನ್ನ ಕೊಟ್ಟಿಗೆಗೆ ಹೊಡ್ಕೊಂಡು ಬಂದು ಬಾಗಿಲು ಹಾಕಿದರೆ ಮುಗೀತು. ಅದರಲ್ಲೂ ಒಣಹುಲ್ಲು ತುಂಬಿರೋ ಕೊಟ್ಟಿಗೆ! ಮೇಯ್ದು ನುಣ್ಣಗೆ ಮಾಡಿದ ಬಯಲೋ, ಉತ್ತ ನೆಲವೋ ನೋಡಿ ಅಲ್ಲಿಗೆ ಹೊಡೀಬೇಕು. ಸುಡೋಕೆ ಏನೂ ಇಲ್ಲದ ಕಡೆ ಬದುಕೋ ಸಾಧ್ಯತೆ ಜಾಸ್ತಿ. ಒಳಗಿನ ಗೇಟುಗಳನ್ನೆಲ್ಲ ತೆರೆದಿಡಬೇಕು, ರಸ್ತೆ ಕಡೆಯದನ್ನ ಮಾತ್ರ ಮುಚ್ಚಬೇಕು. ಹೊಗೆಯಲ್ಲಿ ರಸ್ತೆಗೆ ದನ ನುಗ್ಗಿದರೆ ಓಡಿಹೋಗೋರ ಕಾರು, ನೀರಿನ ಲಾರಿ ಎರಡಕ್ಕೂ ಗಂಡಾಂತರ.

ಕುದುರೆಗೆ ನೈಲಾನ್ ಮುಖಪಟ್ಟಿ ಇದ್ದರೆ ಬಿಚ್ಚಿಬಿಡಬೇಕು, ಕರಗಿ ಚರ್ಮಕ್ಕೆ ಅಂಟುತ್ತೆ. ಬಿಡೋಕೆ ಮುಂಚೆ ಮೈಮೇಲೆ ಬಣ್ಣದಲ್ಲಿ ಫೋನ್ ನಂಬರ್ ಬರೆದು ಬಿಡೋರು ಇದಾರೆ, ಆಮೇಲೆ ಸಿಕ್ಕಿದವರು ಕರೀಲಿ ಅಂತ. ನಿಮ್ಮ ಹುಡುಗಿ ಕುದುರೆ ಹತ್ತೋ ಬದಲು ಅದರ ಪಕ್ಕೆ ಮೇಲೆ ಅಪ್ಪನ ನಂಬರ್ ಬರೆದು, ಬೆನ್ನು ತಟ್ಟಿ, ಗೇಟು ತೆಗೆದು ಕಳಿಸಲಿ. ಆ ದೃಶ್ಯ ಇದಕ್ಕಿಂತ ಹತ್ತು ಪಟ್ಟು ಗಟ್ಟಿ ಅಂತ ನನಗನ್ನಿಸುತ್ತೆ. ಸಾಹಿತ್ಯ ನನಗೆ ಗೊತ್ತಿಲ್ಲ.

ಹಿಂದಿನಬೆಂಚು
ಅಯ್ಯೋ. ಕೊನೆ ಅಂಕಿ ಬರೆಯೋಕೆ ಮುಂಚೆ ಬಣ್ಣ ಖಾಲಿಯಾದ್ರೆ?

ಅಲ್ಪವಿರಾಮ
ನೀನೇ ಒಂದು ಕಾದಂಬರಿ ಬರಿ ಮಾರಾಯ.

ಸುಮ್ನೆಓದುಗ
ಕುದುರೆಗಳು ಉರಿಯೋ ಲಾಯಕ್ಕೆ ವಾಪಸ್ ಓಡುತ್ತವಂತೆ, ನಿಜವಾ? ಗಾಬರಿಯಾದಾಗ ಅದಕ್ಕೆ ಗೊತ್ತಿರೋ ಸುರಕ್ಷಿತ ಜಾಗ ಅದೊಂದೇ ಅಂತ ಎಲ್ಲೋ ಓದಿದ ನೆನಪು.

ಕೊಟ್ಟಿಗೆಕಾವಲು
ನಿಜ. ಅದಕ್ಕೇ ಹೊರಗೆ ಬಿಟ್ಟ ಮೇಲೆ ಲಾಯದ ಬಾಗಿಲು ಭದ್ರ ಮಾಡಬೇಕು ಅನ್ನೋದು.

ವಕ್ರದೃಷ್ಟಿ
ಇದು ಕಾದಂಬರಿಯೋ ಪಶುಪಾಲನೆ ಕೈಪಿಡಿಯೋ? ಮಕ್ಕಳು ಪುಸ್ತಕ ಓದೋದೇ ಬಿಟ್ಟಿದಾರೆ, ಇದರಲ್ಲಿ ಗೇಟು ಹೇಗೆ ತೆಗೀಬೇಕು ಅಂತ ನಲವತ್ತು ಪುಟ. ಸ್ವಾಮಿ, ರೋಮಾಂಚನ ಇರಲಿ. ಬೆಂಕಿ ಹಚ್ಚಿದ ದುಷ್ಟ ಒಬ್ಬ ಇರಲಿ, ಅವನನ್ನ ಹಿಡೀಲಿ. ಯಾರು ಹಚ್ಚಿದ್ದು ಅಂತ ಈ ಎಳೆಯಲ್ಲಿ ಒಬ್ಬರೂ ಕೇಳಲೇ ಇಲ್ಲ.

ಕರಡುಪ್ರತಿ
ಕರಡಿನಲ್ಲಿ ಈಗ ಸಿಡಿಲು. ದುಷ್ಟನ ಯೋಚನೆ ಬಂದಿತ್ತು, ಜಮೀನು ಕಬಳಿಸೋ ಗುತ್ತಿಗೆದಾರ ಅಂತ. ಹಳಸಲು ಅನ್ನಿಸಿ ಬಿಟ್ಟೆ.

ನೀರಿನಲಾರಿ
ವಕ್ರದೃಷ್ಟಿ ಕೇಳಿದ ಪ್ರಶ್ನೆ ಸರಿಯಾಗೇ ಇದೆ, ಉತ್ತರ ಮಾತ್ರ ಬೇರೆ. ಹಚ್ಚೋರು ಇರ್ತಾರೆ, ಇಲ್ಲ ಅಂತಲ್ಲ. ಆದರೆ ದೊಡ್ಡ ದೊಡ್ಡ ಬೆಂಕಿಗಳಿಗೆ ಕಾರಣ ಹುಡುಕಿದರೆ ಬೇಸರ ಆಗೋ ಅಷ್ಟು ಸಾಧಾರಣ ಸಂಗತಿ ಸಿಗುತ್ತೆ. ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣವನ್ನ 2018ರ ನವೆಂಬರ್ 8ರಂದು ಸುಟ್ಟ ಬೆಂಕಿ ಶುರುವಾಗಿದ್ದು ಹಳೇ ವಿದ್ಯುತ್ ಮಾರ್ಗದಿಂದ. 85 ಜನ ಹೋದರು. 2024ರ ಫೆಬ್ರವರಿಯಲ್ಲಿ ಟೆಕ್ಸಸ್‌ನ ಉತ್ತರ ತುದಿಯಲ್ಲಿ ಹತ್ತು ಲಕ್ಷ ಎಕರೆಗೂ ಮೀರಿ ಸುಟ್ಟಿದ್ದು ಒಂದು ಲಡ್ಡಾದ ಕಂಬ ಮುರಿದು ಬಿದ್ದಿದ್ದಕ್ಕೆ. ಸಾವಿರಾರು ದನ ಸತ್ತವು.

ಜಮೀನಿನಲ್ಲಂತೂ ಇನ್ನೂ ಸಣ್ಣ ಕಾರಣ ಸಾಕು. ಉರಿಬಿಸಿಲಿನ ಮಧ್ಯಾಹ್ನ ಹುಲ್ಲು ಕತ್ತರಿಸೋ ಯಂತ್ರ ಓಡಿಸ್ತಾರೆ, ಅಲಗು ಕಲ್ಲಿಗೆ ತಾಗಿ ಕಿಡಿ ಹಾರುತ್ತೆ. ತಮಾಷೆ ಅಂದರೆ ಆ ಮನುಷ್ಯ ಹುಲ್ಲು ಕತ್ತರಿಸ್ತಿದ್ದಿದ್ದೇ ಬೆಂಕಿ ಬಂದರೆ ಮನೆ ಉಳೀಲಿ ಅಂತ! ಅದನ್ನ ಬೆಳಗಿನ ತಂಪಿನಲ್ಲಿ ಮಾಡಬೇಕು, ಪಕ್ಕದಲ್ಲಿ ನೀರಿಟ್ಟುಕೊಂಡು.

ಅಲ್ಪವಿರಾಮ
ಸಿಕ್ತಲ್ಲ! ಆ ಯಂತ್ರ ಓಡಿಸಿದೋನು ಪಕ್ಕದ ಜಮೀನಿನ ಮುದುಕ. ಹುಡುಗಿಗೆ ಕುದುರೆ ಸವಾರಿ ಕಲಿಸಿದೋನು. ಅವಳೊಬ್ಬಳಿಗೇ ಗೊತ್ತು, ಯಾಕಂದ್ರೆ ಆವತ್ತು ಮಧ್ಯಾಹ್ನ ಯಂತ್ರದ ಸದ್ದು ಕೇಳಿಸಿಕೊಂಡಿದ್ದು ಅವಳೇ. ಬೆಂಕಿ ಆರಿದ ಮೇಲೆ ವಿಚಾರಣೆಗೆ ಬರ್ತಾರೆ, ಊರವರು ಯಾರನ್ನಾದರೂ ಹಿಡಿದು ಹೊಡೆಯೋ ಸಿಟ್ಟಿನಲ್ಲಿದಾರೆ. ಹೇಳಬೇಕಾ ಬೇಡವಾ? ಪುಸ್ತಕದ ಎರಡನೇ ಅರ್ಧ ಅದು. ಹದಿಹರೆಯದವರ ಕಾದಂಬರಿಗೆ ಇದಕ್ಕಿಂತ ಸರಿಯಾದ ಪ್ರಶ್ನೆ ಸಿಗಲ್ಲ.

ಪುಸ್ತಕದಕೋಣೆ
ಹೇಳಬೇಕು. ಅದರಲ್ಲಿ ಪ್ರಶ್ನೆ ಏನಿದೆ?

ಹಿಂದಿನಬೆಂಚು
ಹೇಳಬಾರದು. ಅವನೇ ಬಂದು ಹೇಳಬೇಕು.

ಸುಮ್ನೆಓದುಗ
ಅವನು ಹೇಳದೆ ಸತ್ತುಹೋದರೆ?

ವಕ್ರದೃಷ್ಟಿ
ಈಗ ಓದ್ತೀನಿ ನಾನು. ಮೊದಲೇ ಇದನ್ನ ಹೇಳಬಾರದಿತ್ತಾ.

ಕಪ್ಪುದುಂಬಿ
ವಿಷಯಾಂತರಕ್ಕೆ ಕ್ಷಮೆ ಇರಲಿ. ಬೆಂಕಿಯ ಕಡೆಗೆ ಹಾರೋ ಒಂದು ದುಂಬಿ ಇದೆ ಗೊತ್ತಾ? ಮೆಲನೋಫಿಲಾ ಕುಲದ್ದು. ಎಲ್ಲ ಜೀವಿಗಳೂ ಓಡಿಹೋಗುವಾಗ ಇದು ಎದುರು ಬರುತ್ತೆ. ಮೈಮೇಲೆ ಶಾಖದ ಕಿರಣ ಗುರುತಿಸೋ ಸಣ್ಣ ಗುಳಿಗಳಿವೆ. ಆಗಷ್ಟೇ ಸುಟ್ಟ ಮರದಲ್ಲಿ ಮೊಟ್ಟೆ ಇಡುತ್ತೆ, ಮರ ಸತ್ತಿರೋದರಿಂದ ಮರಿಗಳನ್ನ ತಡೆಯೋ ಅಂಟು ಸುರಿಸಲ್ಲ. ತಮ್ಮನಿಗೆ ಹುಳದ ಹುಚ್ಚು ಅಂತ ಮಾಡಿದರೆ ಇದನ್ನ ಬಳಸಬಹುದು.

ನೀರಿನಲಾರಿ
ಅದು ಕಚ್ಚುತ್ತೆ ಕೂಡ. ಬೆಂಕಿ ಆರಿಸೋರ ಕುತ್ತಿಗೆಗೆ ಬಂದು ಕೂರುತ್ತಂತೆ. ಅದೊಂದು ಬಾಕಿ ಇತ್ತು ನಮಗೆ.

ನಿರ್ವಾಹಕ
ದುಂಬಿಗೆ ಬೇರೆ ಎಳೆ ತೆರೆಯಬಹುದು. ಇಲ್ಲಿ ಕಾದಂಬರಿ.

ಕಪ್ಪುದುಂಬಿ
ಕಾದಂಬರಿಗೇ ಹೇಳಿದ್ದು ಸ್ವಾಮಿ.

ಕರಡುಪ್ರತಿ
ದುಂಬಿ ತಮ್ಮನಿಗೆ ಕೊಟ್ಟೆ, ಇರಲಿ. ಮುದುಕನ ವಿಷಯ ಓದಿ ರಾತ್ರಿಯೆಲ್ಲ ತಲೆ ಕೊರೀತು, ಸಿಡಿಲು ಹೋಯ್ತು. ಆದರೆ ಅಪ್ಪ ಅಮ್ಮನ ಸಮಸ್ಯೆ ಹಾಗೇ ಇದೆ. ದೊಡ್ಡೋರು ಮನೇಲಿದ್ದರೆ ತೀರ್ಮಾನ ಅವರದ್ದಾಗುತ್ತೆ, ಹುಡುಗಿ ಪ್ರೇಕ್ಷಕಿ ಆಗ್ತಾಳೆ.

ನೀರಿನಲಾರಿ
ಮದುವೆ ಬೇಕಾಗಿಲ್ಲ. ಅಪ್ಪ ನಮ್ಮಂಥ ಸ್ವಯಂಸೇವಕ ದಳದಲ್ಲಿರಲಿ. ಬೇರೆಯವರ ಮನೆ ಉಳಿಸೋಕೆ ಹೋದೋನ ಮನೆಯಲ್ಲಿ ಮಕ್ಕಳು ಮಾತ್ರ ಇರೋದು ನಮ್ಮಲ್ಲಿ ಮಾಮೂಲಿ, ಅದೊಂದು ಚುಚ್ಚೋ ಸತ್ಯ. ಅಮ್ಮ ಪಟ್ಟಣಕ್ಕೆ ಔಷಧಿ ತರೋಕೆ ಹೋಗಿರಲಿ. ಅಷ್ಟರಲ್ಲಿ ಪೊಲೀಸರು ರಸ್ತೆ ಮುಚ್ಚುತ್ತಾರೆ. ಒಳಗಿರೋರು ಹೊರಗೆ ಹೋಗಬಹುದು, ಹೊರಗಿರೋರನ್ನ ಒಳಗೆ ಬಿಡಲ್ಲ. ನಿಯಮ ಸರಿಯಾಗೇ ಇದೆ, ಆದರೆ ತಡೆಗಂಬದ ಆಚೆ ನಿಂತ ತಾಯಿಗೆ ಹಾಗೆ ಹೇಳಿ ನೋಡಿ.

ಪುಸ್ತಕದಕೋಣೆ
ಇದು ಚೆನ್ನಾಗಿದೆ. ಅಮ್ಮನ ದೃಷ್ಟಿಯಿಂದ ಒಂದು ಅಧ್ಯಾಯ ಬರೀಬಹುದು.

ಹಿಂದಿನಬೆಂಚು
ಬೇಡ ಪ್ಲೀಸ್. ಅಮ್ಮನ ಅಧ್ಯಾಯ ಬಂದ್ರೆ ನಾನು ಹಾರಿಸ್ತೀನಿ. ಅಮ್ಮ ಏನು ಮಾಡ್ತಿದಾಳೆ ಅಂತ ಹುಡುಗಿಗೆ ಗೊತ್ತಾಗದೇ ಇರೋದೇ ಮಜಾ.

ಅಲ್ಪವಿರಾಮ
ಬೆಂಚಿನ ಕಡೆ ನಾನು. ಗಾಳಿ ತಿರುಗೋದರ ಬಗ್ಗೆ ಯಾರಾದರೂ ಬಲ್ಲವರು ಹೇಳಿ. ಆಸ್ಟ್ರೇಲಿಯಾದ ಬೆಂಕಿಗಳಲ್ಲಿ ಅದೇ ದೊಡ್ಡ ಹೊಡೆತ ಅಂತ ಕೇಳಿದೀನಿ, ಕತೆಗೆ ಅದು ಹೇಳಿ ಮಾಡಿಸಿದಂತಿದೆ.

ನೀರಿನಲಾರಿ
ಹೌದು. ವಿಕ್ಟೋರಿಯಾದಲ್ಲಿ 2009ರ ಫೆಬ್ರವರಿ 7, ಕಪ್ಪು ಶನಿವಾರ ಅಂತಾರೆ. ಮೆಲ್ಬರ್ನ್‌ನಲ್ಲಿ ಅವತ್ತು 46.4 ಡಿಗ್ರಿ. ಮರುಭೂಮಿ ಕಡೆಯಿಂದ ಒಣಗಾಳಿ ಬೀಸ್ತಿದ್ದಾಗ ಬೆಂಕಿ ಉದ್ದಕ್ಕೆ, ಕಿರಿದಾಗಿ ಓಡ್ತಾ ಇತ್ತು. ಸಂಜೆ ತಂಪುಗಾಳಿ ನೈಋತ್ಯದಿಂದ ನುಗ್ಗಿತು. ತಂಪುಗಾಳಿ ಬಂದರೆ ಬಚಾವ್ ಅಂದುಕೊಳ್ತೀವಲ್ಲ? ಉಲ್ಟಾ. ಅಲ್ಲಿವರೆಗೆ ಪಕ್ಕೆಯಾಗಿದ್ದ ಅಷ್ಟುದ್ದದ ಅಂಚು ಒಮ್ಮೆಲೇ ಮುಖವಾಗಿ ತಿರುಗಿ ಮುಂದೆ ನುಗ್ಗುತ್ತೆ. ಬೆಂಕಿ ಪಕ್ಕದಲ್ಲಿ ಹಾದುಹೋಯ್ತು, ನಾವು ಉಳಿದೆವು ಅಂದುಕೊಂಡ ಊರುಗಳ ಮೇಲೇ ಬಿತ್ತು. ಒಟ್ಟು 173 ಸಾವು. 1983ರ ಫೆಬ್ರವರಿ 16ರ ಬೂದಿ ಬುಧವಾರದ ಬೆಂಕಿಯಲ್ಲೂ ಗಾಳಿ ಹೀಗೇ ತಿರುಗಿತ್ತು, 75 ಜನ ಹೋದರು.

ಕಿಡಿಗಳ ಬಗ್ಗೆನೂ ಬರೀರಿ. ಮನೆಗಳು ಬಹುಪಾಲು ಸುಡೋದು ಜ್ವಾಲೆ ಬಂದು ತಾಗಿ ಅಲ್ಲ, ಗಾಳಿಯಲ್ಲಿ ಹಾರಿ ಬಂದ ಕೆಂಡ ಸೂರಿನ ಸಂದಿಗೋ ಒಣಎಲೆ ತುಂಬಿದ, ಮಾಡಿನ ಮಳೆನೀರು ಹರಿಯೋ ದೋಣಿಗೋ ಬಿದ್ದು. ಕಪ್ಪು ಶನಿವಾರ 30 ಕಿಲೋಮೀಟರಿಗೂ ಆಚೆ ಹೊಸ ಬೆಂಕಿ ಹೊತ್ತಿಕೊಂಡಿತ್ತು. ಹಾಗಾಗಿ ಜಮೀನಿನ ಸುತ್ತ ಉತ್ತು ಪಟ್ಟಿ ಬಿಟ್ಟಿದೀವಿ, ಬೆಂಕಿ ದಾಟಲ್ಲ ಅಂತ ಅಪ್ಪ ಕೊಟ್ಟ ಭರವಸೆ ಹುಡುಗಿ ಕಣ್ಣೆದುರೇ ಸುಳ್ಳಾಗಬಹುದು.

ಕೊಟ್ಟಿಗೆಕಾವಲು
ಪಂಪು ಮರೀಬೇಡಿ. ತೊಟ್ಟಿಯಲ್ಲಿ ನೀರು ಭರ್ತಿ ಇದೆ ಅಂತ ಧೈರ್ಯವಾಗಿರ್ತಾರೆ, ಬೆಂಕಿ ಬರೋಕೆ ಮುಂಚೆ ಕರೆಂಟು ಹೋಗುತ್ತೆ. ಕರೆಂಟಿನ ಪಂಪು ಸುಮ್ಮನಾಗುತ್ತೆ. ಡೀಸೆಲ್ ಪಂಪಿದ್ದರೆ ನೆಲದ ಮೇಲಿನ ಪ್ಲಾಸ್ಟಿಕ್ ಪೈಪು ಕರಗುತ್ತೆ. ಹುಡುಗಿ ನಲ್ಲಿ ತಿರುಗಿಸಿದಾಗ ಬರೀ ಗಾಳಿ ಬರಲಿ.

ವಕ್ರದೃಷ್ಟಿ
ಎಲ್ಲರೂ ಸೇರಿ ಆ ಹುಡುಗಿಯನ್ನ ಚೆನ್ನಾಗಿ ಬೇಯಿಸ್ತಿದೀರ.

ಪುಸ್ತಕದಕೋಣೆ
ಪ್ರಾಣಿಗಳು ಸಾಯಬೇಕಾ ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಅಭಿಪ್ರಾಯ, ನಾಯಿ ಸಾಯಬಾರದು. ನಾಯಿ ಸತ್ತ ಪುಸ್ತಕವನ್ನ ಮಕ್ಕಳು ಅರ್ಧಕ್ಕೇ ತಂದು ಮೇಜಿನ ಮೇಲೆ ಕುಕ್ಕಿ ಹೋಗ್ತಾರೆ.

ಹಿಂದಿನಬೆಂಚು
ಅದೊಂದಕ್ಕೆ ಮೇಡಂ ಜೊತೆ ಒಪ್ಪಿಗೆ.

ಕೊಟ್ಟಿಗೆಕಾವಲು
ನಾಯಿ ಉಳೀಲಿ. ಆದರೆ ದನ ಎಲ್ಲವೂ ಉಳಿದರೆ ನಾನು ಪುಸ್ತಕ ಮುಚ್ಚಿಡ್ತೀನಿ. ಬೆಂಕಿಯಲ್ಲಿ ಸತ್ತಿದ್ದು ಒಂದು ಲೆಕ್ಕ. ಆಮೇಲಿನದ್ದು ಇನ್ನೊಂದು. ನಿಂತೇ ಇದ್ದ ಹಸುವಿನ ಗೊರಸು ಕೆಲವು ದಿನ ಬಿಟ್ಟು ಕಳಚಿಕೊಳ್ಳುತ್ತೆ, ಕಾದ ನೆಲದ ಮೇಲೆ ನಿಂತಿದ್ದಕ್ಕೆ. ಕೆಚ್ಚಲು ಸುಟ್ಟಿರುತ್ತೆ, ಕರು ಬಾಯಿ ಹಾಕಿದರೆ ಒದೆಯುತ್ತೆ. ಯಾವುದು ಉಳಿಯುತ್ತೆ, ಯಾವುದನ್ನ ನೋವಿನಿಂದ ಬಿಡಿಸಬೇಕು ಅಂತ ಪಶುವೈದ್ಯರು ಬಂದು ಒಂದೊಂದೇ ನೋಡ್ತಾರೆ. ಅಪ್ಪ ಆಗ ಮಕ್ಕಳನ್ನ ಮನೆಯೊಳಗೆ ಕಳಿಸ್ತಾನೆ. ಹುಡುಗಿ ಹೋಗ್ತಾಳಾ? ನನ್ನ ಪ್ರಕಾರ ಅವಳು ದೊಡ್ಡೋಳಾಗೋದು ಅಲ್ಲಿ.

ನೀರಿನಲಾರಿ
ಇದಕ್ಕೆ ಒಂದು ಸೇರಿಸ್ತೀನಿ. 2017ರ ಮಾರ್ಚ್‌ನಲ್ಲಿ ಟೆಕ್ಸಸ್‌ನ ಹುಲ್ಲುಗಾವಲಿನ ಬೆಂಕಿಯಲ್ಲಿ ದನ ಉಳಿಸೋಕೆ ಹೋದ ಮೂರು ಜನ ಸತ್ತರು. ದಡ್ಡರಲ್ಲ, ಆ ನೆಲ ಚೆನ್ನಾಗಿ ಬಲ್ಲವರು. ಅದಕ್ಕೇ ಕೇಳ್ಕೊಳ್ಳೋದು, ಹುಡುಗಿ ಎರಡನೇ ಸಲ ದನಕ್ಕಾಗಿ ವಾಪಸ್ ಹೋಗೋ ಹಾಗೆ ಬರೀಬೇಡಿ. ಬರೆದರೂ ಅದಕ್ಕೆ ಬಹುಮಾನ ಕೊಡಬೇಡಿ.

ಸುಮ್ನೆಓದುಗ
ಕೊನೆ ಅಧ್ಯಾಯದಲ್ಲಿ ಬೂದಿಯಿಂದ ಹಸಿರು ಚಿಗುರು ಬರೋದು ಗ್ಯಾರಂಟಿ ತಾನೇ?

ಕಪ್ಪುದುಂಬಿ
ದುಂಬಿ ಬಿಟ್ಟು ಮರಕ್ಕೆ ಬಂದೆ, ನಿರ್ವಾಹಕರು ತಪ್ಪು ತಿಳೀಬಾರದು. ಚಿಗುರು ಎಲ್ಲ ಮರಕ್ಕೂ ಬರಲ್ಲ. ಎಷ್ಟೋ ನೀಲಗಿರಿ ಜಾತಿಗಳು ತೊಗಟೆಯ ಕೆಳಗಿನ ಮೊಗ್ಗಿನಿಂದ ಕೆಲವೇ ವಾರದಲ್ಲಿ ಕಾಂಡದ ತುಂಬ ಚಿಗುರುತ್ತವೆ, ಫೋಟೋದಲ್ಲಿ ಎಲ್ಲರೂ ನೋಡೋದು ಅದನ್ನೇ. ಅದೇ ನೀಲಗಿರಿ ಕುಲದ ಆಲ್ಪೈನ್ ಆ್ಯಶ್ ಜೋರು ಬೆಂಕಿಗೆ ಸತ್ತೇ ಹೋಗುತ್ತೆ, ಬೀಜದಿಂದ ಮಾತ್ರ ಹುಟ್ಟಬೇಕು. ಆ ಸಸಿ ಬೀಜ ಬಿಡೋ ವಯಸ್ಸಿಗೆ ಬರೋಕೆ ಸುಮಾರು ಇಪ್ಪತ್ತು ವರ್ಷ. ಅಷ್ಟರೊಳಗೆ ಇನ್ನೊಂದು ಬೆಂಕಿ ಬಿದ್ದರೆ ಆ ಕಾಡು ತಾನಾಗಿ ವಾಪಸ್ ಬರಲ್ಲ. ಯಾವ ಮರ ಅಂತ ತೀರ್ಮಾನ ಮಾಡಿ ಆಮೇಲೆ ಚಿಗುರಿಸಿ.

ಅಲ್ಪವಿರಾಮ
ಚಿಗುರೇ ಬೇಡ. ಬೇಲಿ ಹಾಕಲಿ. ಬೆಂಕಿ ಆದ ಮೇಲೆ ಜಮೀನಿನವರಿಗೆ ಮೊದಲ ತಲೆನೋವು ಬೇಲಿ ಅಲ್ಲವಾ? ಕಂಬ ಸುಟ್ಟು ತಂತಿ ನೆಲಕ್ಕೆ ಬಿದ್ದಿರುತ್ತೆ, ಉಳಿದ ದನ ಎಲ್ಲೆಂದರಲ್ಲಿ. ಹುಡುಗಿ, ಮುದುಕ ಇಬ್ಬರೂ ಸೇರಿ ಎರಡು ಜಮೀನಿನ ನಡುವಿನ ಬೇಲಿ ಹಾಕ್ತಿದಾರೆ, ಅವನು ಕಂಬ ಹಿಡಿದಿದಾನೆ, ಅವಳಿಗೆ ಗೊತ್ತಿರೋದು ಅವನಿಗೆ ಗೊತ್ತು.

ಹಿಂದಿನಬೆಂಚು
ಹೇಳಬಾರದು ಅಂತ ಅದಕ್ಕೇ ಅಂದಿದ್ದು ನಾನು.

ಪುಸ್ತಕದಕೋಣೆ
ನಾನು ಈಗಲೂ ಹೇಳಬೇಕು ಅಂತಲೇ. ಅವನ ಬದಲು ಬೇರೆ ಯಾರನ್ನೋ ಊರವರು ಹಿಡಿದರೆ ಆ ಪಾಪ ಯಾರಿಗೆ?

ಕರಡುಪ್ರತಿ
ಜಗಳ ಆಡ್ತಾ ಇರಿ, ನಾನು ಎರಡನ್ನೂ ಬರೆದು ನೋಡ್ತೀನಿ. ಕುದುರೆ ಗುಡ್ಡ ಹತ್ತಲ್ಲ, ಪಕ್ಕೆ ಮೇಲೆ ನಂಬರ್ ಹೊತ್ತು ಹೋಗುತ್ತೆ. ಗಾಳಿ ಸಂಜೆ ತಿರುಗುತ್ತೆ. ಕೊಟ್ಟಿಗೆಕಾವಲು ಅವರೇ, ಕೆಚ್ಚಲು ಸುಟ್ಟ ಹಸುವಿನ ಕರು ಬದುಕುತ್ತಾ? ತಮ್ಮನಿಗೆ ಅದನ್ನ ಸಾಕೋ ಕೆಲಸ ಕೊಡೋಣ ಅಂತ.

ಕೊಟ್ಟಿಗೆಕಾವಲು
ಬದುಕುತ್ತೆ. ಹುಟ್ಟಿದ ಕೂಡಲೇ ಗಿಣ್ಣುಹಾಲು ಕುಡಿದಿದ್ದ ಕರು ಅಂತ ಮಾಡಿ, ಇಲ್ಲದಿದ್ದರೆ ಕಷ್ಟ. ದಿನಕ್ಕೆ ತೂಕದ ಹತ್ತರಲ್ಲಿ ಒಂದು ಭಾಗ ಹಾಲು, ಎರಡು ಸಲ ಮಾಡಿ ಕುಡಿಸಬೇಕು. 40 ಕಿಲೋ ಕರುವಿಗೆ ಹೊತ್ತಿಗೆ ಎರಡು ಲೀಟರ್. ಬಾಟಲಿ ತೀರಾ ಮೇಲೆತ್ತಿ ಹಿಡಿದು ಸುರೀಬಾರದು, ಶ್ವಾಸಕೋಶಕ್ಕೆ ಹೋಗುತ್ತೆ. ಮೊದಲ ದಿನ ಬಾಟಲಿ ಮುಟ್ಟಲ್ಲ, ಹುಡುಗನ ಬೆರಳು ಚೀಪೋಕೆ ಬಿಟ್ಟು ನಿಧಾನ ಬಾಟಲಿ ತುದಿ ಒಳಗೆ ಸರಿಸಬೇಕು.

ಹಿಂದಿನಬೆಂಚು
ಕರುಗೆ ಹೆಸರು ಯಾರು ಇಡೋದು?

ಕೊಟ್ಟಿಗೆಕಾವಲು
ಸಾಕೋನು.